ಸಣ್ಣ ವ್ಯಾಪಾರದ ಪ್ರಚಾರಕ್ಕೆ ಒಂದೆರಡು ಸಾಮಾಜಿಕ ಜಾಲತಾಣ ಸಾಕೆ?

ಪರ: ಗಿರಾಕಿ ಇರುವ ಕಡೆ ಇದ್ದರೆ ಸಾಕು

ಪೀಣ್ಯದಲ್ಲಿ ಲೇತ್ ಇಟ್ಟುಕೊಂಡು ಬಿಡಿಭಾಗ ಮಾಡುವವರಿಗೂ ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಮಾರುವವರಿಗೂ ಒಂದೇ ಪ್ಯಾಕೇಜ್ ಕೊಡುವ ಏಜೆನ್ಸಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್, ಲಿಂಕ್ಡ್‌ಇನ್, ಪಿನ್‌ಟರೆಸ್ಟ್: ಎಲ್ಲ ಕಡೆ ಖಾತೆ, ತಿಂಗಳಿಗೆ ಇಷ್ಟು ಪೋಸ್ಟ್, ಇಷ್ಟು ದುಡ್ಡು. ನಿಮ್ಮ ಗಿರಾಕಿ ಯಾರು ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದ್ದು ಅದೊಂದೇ. ಲೇತ್ ಕೆಲಸಕ್ಕೆ ಆರ್ಡರ್ ಕೊಡುವುದು ಇನ್ನೊಂದು ಕಾರ್ಖಾನೆಯ ಪರ್ಚೇಸ್ ಮ್ಯಾನೇಜರ್; ಆತ ಸಿಗುವುದು ಲಿಂಕ್ಡ್‌ಇನ್‌ನಲ್ಲಿ. ಸೀರೆಗೆ ಸೆರಗು, ಅಂಚು, ಬಣ್ಣ ಕಣ್ತುಂಬ ಕಾಣಬೇಕು. ಅದಕ್ಕೆ ಇನ್‌ಸ್ಟಾಗ್ರಾಂ, ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಾಲ್. ಹೊಲಿಗೆ ಕಲಿಸುವವರು ಯೂಟ್ಯೂಬಿಗೆ ಹೋಗಲಿ. ಅಲ್ಲಿ ಜನ ಹುಡುಕಿಕೊಂಡು ಬರುತ್ತಾರೆ, ವರ್ಷಗಳ ಹಿಂದಿನ ವಿಡಿಯೊ ಕೂಡ ಇವತ್ತು ಎದುರಿಗೆ ಬರುತ್ತದೆ.

ನಮ್ಮ ಅತ್ತಿಗೆ ತ್ಯಾಗರಾಜನಗರದ ಮನೆಯಲ್ಲಿ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾರೆ. ಅವರಿಗೂ ಒಂದು ಏಜೆನ್ಸಿಯವರು ಎಲ್ಲ ಕಡೆ ಖಾತೆ ತೆರೆಸಿಕೊಟ್ಟರು. ಮೆಣಸಿನಕಾಯಿ ಹುರಿಯುತ್ತಾ ಒಂದು ಕೈಯಲ್ಲಿ ಫೋನ್ ಹಿಡಿಯುವ ಗತಿ ಬಂತು. ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಕೊಡಲು ಪುಡಿ ಪೊಟ್ಟಣ ಬೇಕೆಂದು ಯಾರೋ ಕೇಳಿದ್ದ ಮೆಸೇಜು ಒಂದು ಖಾತೆಯ ಇನ್‌ಬಾಕ್ಸ್‌ನಲ್ಲೇ ಕೂತಿತ್ತು. ನೋಡಿಕೊಳ್ಳುತ್ತೇವೆ ಎಂದಿದ್ದ ಏಜೆನ್ಸಿಯವರು ತೆರೆದೂ ನೋಡಿರಲಿಲ್ಲ. ಅತ್ತಿಗೆಗೆ ತಿಳಿಯುವ ಹೊತ್ತಿಗೆ ಗೃಹಪ್ರವೇಶವೇ ಮುಗಿದಿತ್ತು. ಅಷ್ಟು ದೊಡ್ಡ ಆರ್ಡರು! ಇವತ್ತಿಗೂ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಅವರ ಮಾಮೂಲಿ ಗಿರಾಕಿಗಳು ಬರುತ್ತಿದ್ದುದು ಉತ್ತರಹಳ್ಳಿ, ಜೆ.ಪಿ. ನಗರದ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗ್ರೂಪುಗಳಿಂದ. ಹಾಗಾಗಿ ವಾಟ್ಸ್‌ಆ್ಯಪ್ ಬಿಸಿನೆಸ್ ಉಳಿಸಿಕೊಂಡು ಉಳಿದದ್ದೆಲ್ಲ ಮುಚ್ಚಿಸಿದೆವು. ಅದರ ಕೆಲಸವನ್ನು ನೆಟ್ಟಗೆ ಕಲಿತರು: ಕ್ಯಾಟಲಾಗಿನಲ್ಲಿ ತೂಕ, ಬೆಲೆ; ಹೊಸ ಪುಡಿ ಆದ ದಿನ ಬ್ರಾಡ್‌ಕಾಸ್ಟ್, ಅಂದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ಸಲಕ್ಕೆ ಮೆಸೇಜು. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರಷ್ಟೇ, ಅದೂ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ಪ್ರತಿ ಪೊಟ್ಟಣದಲ್ಲೂ ‘ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಹೋಗುತ್ತದೆ. ಇಂಥ ಸೂಕ್ಷ್ಮ ತಿಳಿಯುವುದು ಒಂದು ಕಡೆ ಗಮನ ಕೊಟ್ಟವರಿಗೆ. ಈಗ ಕೇಳಿದವರಿಗೆ ಅವತ್ತೇ ಉತ್ತರ ಹೋಗುತ್ತದೆ, ಕೇಳಿದವರು ಮತ್ತೆ ಕೊಳ್ಳುತ್ತಾರೆ.

ಟಿಕ್‌ಟಾಕ್ ಮುಚ್ಚಿತಲ್ಲ, ನಿಮ್ಮದೂ ಮುಚ್ಚಿದರೆ ಏನು ಮಾಡುತ್ತೀರಿ ಎಂದು ಹೆದರಿಸುವವರಿದ್ದಾರೆ. ನಾಳೆ ಈ ಬೀದಿಯೇ ಇರಲಿಕ್ಕಿಲ್ಲ, ಇವತ್ತೇ ಆರು ಬೀದಿಯಲ್ಲಿ ಅಂಗಡಿ ಬಾಡಿಗೆಗೆ ಹಿಡಿಯಿರಿ ಎಂದಂತಾಯಿತು. ಬಾಡಿಗೆ ಕಟ್ಟುವವರು ಯಾರು? ಹುರಿಯುವುದು, ಕುಟ್ಟುವುದು, ಪ್ಯಾಕ್ ಮಾಡುವುದು, ಉತ್ತರ ಕೊಡುವುದು ಎಲ್ಲ ಒಬ್ಬರೇ ಹೆಂಗಸು ಮಾಡುವ ಮನೆ ಅದು.

ವಿರೋಧ: ಒಂದನ್ನೇ ನಂಬುವುದು ಅಪಾಯ

ಈ ಚರ್ಚೆಯಲ್ಲಿ ವಿರೋಧದ ಪಕ್ಷ ನನಗೆ ವಹಿಸಿದ್ದು. ಕಂಡ ಕಂಡ ಕಡೆಯೆಲ್ಲ ಖಾತೆ ತೆರೆಯಿರಿ ಎಂದು ನಾನೂ ಹೇಳುವುದಿಲ್ಲ. ಆದರೆ ಒಂದರಲ್ಲೇ ಎಲ್ಲವನ್ನೂ ಇಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಅವುಗಳಲ್ಲೊಂದು. ಅಲ್ಲಷ್ಟೇ ಹಿಂಬಾಲಕರನ್ನು ಕಟ್ಟಿಕೊಂಡಿದ್ದವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಯಿತು. ಯೂಟ್ಯೂಬಿನಲ್ಲೂ ಇದ್ದವರಿಗೆ ನಿಲ್ಲಲು ಜಾಗವಿತ್ತು. ನಮ್ಮ ಬೆಂಗಳೂರಿನದೇ ಆದ, ಕನ್ನಡದಲ್ಲಿ ಬರೆಯಲು ಅನುಕೂಲ ಮಾಡಿಕೊಟ್ಟಿದ್ದ ‘ಕೂ’ ಜಾಲತಾಣ 2024ರ ಜುಲೈನಲ್ಲಿ ನಿಂತೇಹೋಯಿತು.

ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಎರಡೂ ಇಟ್ಟುಕೊಂಡಿದ್ದೇವೆ ಎಂದು ಧೈರ್ಯವಾಗಿರುವವರೂ ಯೋಚಿಸಬೇಕು. ಎರಡೂ ಮೆಟಾ ಕಂಪನಿಯವೇ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್ಕೂ ಸೇರಿ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಸ್ತಬ್ಧವಾದವು. ನವರಾತ್ರಿಗೆ ಮೂರೇ ದಿನ ಬಾಕಿ ಇತ್ತು, ಸೀರೆ ವ್ಯಾಪಾರದ ಕಾಲ.

ಸಮಯವಿಲ್ಲ ಎನ್ನುವವರಿಗೆ ಹೇಳುವುದಿಷ್ಟೇ: ರೀಲ್ಸ್‌ಗೆ ಮಾಡಿದ ವಿಡಿಯೊವನ್ನೇ ಯೂಟ್ಯೂಬ್ ಶಾರ್ಟ್ಸ್‌ಗೂ ಹಾಕಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿಯ ವಿಳಾಸ, ಫೋನ್ ನಂಬರ್, ತೆರೆಯುವ ಹೊತ್ತು ಸರಿಯಾಗಿರಲಿ. ಗಿರಾಕಿಗಳ ನಂಬರುಗಳನ್ನು ಒಂದು ಪುಸ್ತಕದಲ್ಲೂ ಬರೆದಿಟ್ಟುಕೊಳ್ಳಿ. ಯಾವ ಆ್ಯಪ್ ನಿಂತರೂ ಅವರಿಗೆ ಫೋನ್ ಮಾಡಬಹುದು.