ಗೇನ್ ಅಂದರೆ ವಾಲ್ಯೂಮ್ ಅಲ್ಲ

ಕಾರಿನಲ್ಲಿ ಬೇಸ್ ಸಾಲದಿದ್ದರೆ ಆಂಪ್ಲಿಫೈಯರ್‌ನ ಗೇನ್ ಜಾಸ್ತಿ ಮಾಡಿ ಎಂದು ಬರೆದಿದ್ದೀರಿ. ದಯವಿಟ್ಟು ಆ ಸಾಲು ತಿದ್ದಿ. ಗೇನ್ ಇರುವುದು ಸ್ಟೀರಿಯೋದಿಂದ ಬರುವ ಸಿಗ್ನಲ್‌ಗೆ ಆಂಪ್ ಅನ್ನು ಹೊಂದಿಸಲು. ಸುಮ್ನೆ ತಿರುಗಿಸುತ್ತಾ ಹೋದರೆ ಸಿಗ್ನಲ್ ಕ್ಲಿಪ್ ಆಗುತ್ತದೆ, ಅಂದರೆ ಅಲೆಯ ತುದಿ ಕತ್ತರಿಸಿ ಸದ್ದು ಒಡೆಯುತ್ತದೆ, ಬೇಸ್ ನುಡಿಸುವ ಸಬ್‌ವೂಫರ್‌ನ ಕಾಯಿಲ್ ಸುಟ್ಟುಹೋಗಬಹುದು. ಹಾಸನದಲ್ಲಿ ನನ್ನ ಮೊದಲ ವೂಫರ್ ಹೋದದ್ದು ಹೀಗೆಯೇ. ಆವತ್ತಿನ ಸುಟ್ಟ ವಾಸನೆ ಇನ್ನೂ ಮರೆತಿಲ್ಲ.

ಗೇನ್ ಸರಿಯಾಗಿ ಹೊಂದಿಸಲು ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಸಾಕು. ವೂಫರ್ ವೈರ್ ಬಿಚ್ಚಿ. ಬೇಸ್ ಬೂಸ್ಟ್ ಆಫ್ ಮಾಡಿ, ಗೇನ್ ಪೂರ್ತಿ ಇಳಿಸಿ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲು ಇಟ್ಟು 50 ಹರ್ಟ್ಸ್ ಟೋನ್ ಹಾಕಿ. ಆಂಪ್‌ನ ವ್ಯಾಟ್ ಮತ್ತು ವೂಫರ್‌ನ ಓಮ್ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ಎಸಿ ವೋಲ್ಟ್ ಸಿಗುತ್ತದೆ. 300 ವ್ಯಾಟ್, 4 ಓಮ್ ಆದರೆ ಸುಮಾರು 34.6. ಆಂಪ್‌ನ ಸ್ಪೀಕರ್ ಔಟ್‌ಪುಟ್‌ಗೆ ಮೀಟರ್ ಹಿಡಿದು ಗೇನ್ ನಿಧಾನಕ್ಕೆ ಏರಿಸಿ, ಮೀಟರ್ ಅಲ್ಲಿಗೆ ಬಂದಾಗ ತಿರುಗಿಸುವುದು ನಿಲ್ಲಿಸಿ.

ಎಂಜಿನ್ ವೇಗದ ಜೊತೆ ಏರುವ ಕುಂಯ್ ಸದ್ದು ಹೆಚ್ಚಾಗಿ ಗ್ರೌಂಡ್ ತೊಂದರೆ, ಅಂದರೆ ಆಂಪ್‌ನಿಂದ ಕಾರಿನ ಬಾಡಿಗೆ ಬೋಲ್ಟ್ ಹಾಕಿ ಸೇರಿಸುವ ವೈರ್‌ನದು. ಮೂಡಿಗೆರೆ, ಸಕಲೇಶಪುರದ ಮಳೆಗೆ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ, ಅಲ್ವಾ? ಬಣ್ಣ ಕೆರೆದು ಬರೀ ಲೋಹಕ್ಕೆ ಬಿಗಿಯಿರಿ. ವೈರ್ ಅರ್ಧ ಮೀಟರ್‌ಗಿಂತ ಗಿಡ್ಡ ಇರಲಿ. ನನ್ನ ಕಾರಿನಲ್ಲಿ ಇಷ್ಟಕ್ಕೇ ಸದ್ದು ನಿಂತಿತು.