ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360: ಇ3 ಹೋಲಿಕೆ ಕುರಿತು ಸ್ಪಷ್ಟನೆ

2005ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಇ3 ಎಂಬ ವಿಡಿಯೊ ಗೇಮ್ ಮೇಳದಲ್ಲಿ ಎರಡೂ ಕನ್ಸೋಲ್‌ಗಳ (ಟಿವಿಗೆ ಜೋಡಿಸಿ ಆಡುವ ಯಂತ್ರಗಳ) ಆಟಗಳನ್ನು ಹೋಲಿಸಿ ನೋಡಿದಾಗ, ಸೋನಿಯ ಪ್ಲೇಸ್ಟೇಷನ್ 3 ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ಕ್ಕಿಂತ ಎರಡು ಪಟ್ಟು ಶಕ್ತಿಶಾಲಿ ಎಂಬುದು ಸಾಬೀತಾಯಿತು ಎಂಬ ಮಾತು ಈಗಲೂ ಹರಿದಾಡುತ್ತಿದೆ. ಅದು ಸರಿಯಲ್ಲ.

ಅಂತಹ ಹೋಲಿಕೆಗೆ ಬೇಕಾದ ಯಂತ್ರಗಳೇ ಅಲ್ಲಿರಲಿಲ್ಲ. ಎಕ್ಸ್‌ಬಾಕ್ಸ್ 360ರ ಆಟಗಳು ಓಡುತ್ತಿದ್ದದ್ದು ಹೆಚ್ಚಾಗಿ ಆಪಲ್ ಕಂಪನಿಯ ಪವರ್ ಮ್ಯಾಕ್ ಜಿ5 ಕಂಪ್ಯೂಟರ್‌ಗಳ ಮೇಲೆ. ಜನರ ಕಣ್ಣಿಗೆ ಬೀಳುತ್ತಿದ್ದದ್ದು ಕನ್ಸೋಲ್‌ನ ಹೊರಕವಚ, ಕೆಲಸ ಮಾಡುತ್ತಿದ್ದದ್ದು ಕಪಾಟಿನೊಳಗಿನ ಮ್ಯಾಕ್. ಇತ್ತ ಸೋನಿ ತೋರಿಸಿದ, ಎಲ್ಲರನ್ನೂ ಬೆರಗುಗೊಳಿಸಿದ ಕಿಲ್‌ಝೋನ್ 2 ಎಂಬ ಆಟದ ದೃಶ್ಯಗಳು ಮೊದಲೇ ಸಿದ್ಧಪಡಿಸಿದ ಅನಿಮೇಷನ್ ಆಗಿದ್ದವೇ ಹೊರತು, ಯಾರೋ ಆಡುತ್ತಿದ್ದ ಆಟವಲ್ಲ. ಆ ಆಟ ಮಾರುಕಟ್ಟೆಗೆ ಬಂದದ್ದು 2009ರಲ್ಲಿ.

‘ಎರಡು ಪಟ್ಟು’ ಎಂಬುದರ ಮೂಲ, ಸೋನಿ ಹೇಳಿಕೊಂಡ 2 ಟೆರಾಫ್ಲಾಪ್ಸ್ ಮತ್ತು ಮೈಕ್ರೋಸಾಫ್ಟ್ ಹೇಳಿಕೊಂಡ 1 ಟೆರಾಫ್ಲಾಪ್ಸ್ (ಒಂದು ಟೆರಾಫ್ಲಾಪ್ಸ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ). ಇವು ಕಂಪನಿಗಳೇ ಪ್ರಚಾರಕ್ಕಾಗಿ ಕಾಗದದ ಮೇಲೆ ಕೂಡಿಸಿದ ಗರಿಷ್ಠ ಲೆಕ್ಕಗಳು. ಗ್ರಾಫಿಕ್ಸ್ ಚಿಪ್‌ನೊಳಗೇ ಕಟ್ಟಿಟ್ಟ, ಆಟ ಬರೆಯುವವರು ತಮಗೆ ಬೇಕಾದಂತೆ ಬಳಸಲಾಗದ ಸ್ಥಿರ ಕಾರ್ಯಗಳೂ ಅವುಗಳಲ್ಲಿ ಸೇರಿದ್ದರಿಂದ, ಒಂದರ ಪಕ್ಕ ಇನ್ನೊಂದನ್ನಿಟ್ಟು ಅಳೆಯುವುದರಲ್ಲಿ ಅರ್ಥವಿಲ್ಲ. ಎರಡೂ ಕನ್ಸೋಲ್‌ಗಳಲ್ಲಿ ಒಟ್ಟು ಮೆಮೊರಿ 512 ಎಂಬಿಯೇ ಇತ್ತು. ಮೈಕ್ರೋಸಾಫ್ಟ್ ಅದನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡಕ್ಕೂ ಹಂಚಿಕೊಳ್ಳುವಂತೆ ಒಂದೇ ಕಡೆ ಇಟ್ಟರೆ, ಸೋನಿ 256 ಎಂಬಿಯ ಎರಡು ಭಾಗ ಮಾಡಿತ್ತು. ಪ್ಲೇಸ್ಟೇಷನ್ 3ರೊಳಗಿನ ಸೆಲ್ ಎಂಬ ಪ್ರೊಸೆಸರ್‌ನ ಲೆಕ್ಕದ ವೇಗ ನಿಜವಾಗಿಯೂ ಹೆಚ್ಚಿತ್ತು, ಇದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದನ್ನು ದುಡಿಸಿಕೊಳ್ಳಲು ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಹಂಚಬೇಕಿತ್ತು.

ಮೇಳದಲ್ಲಿ ತೋರಿಸಿದ್ದು ಅಂತಿಮ ಯಂತ್ರವೂ ಆಗಿರಲಿಲ್ಲ: ಅಲ್ಲಿ ಪ್ರದರ್ಶಿಸಿದ ಪ್ಲೇಸ್ಟೇಷನ್ 3 ಮಾದರಿಯಲ್ಲಿ ಟಿವಿಗೆ ಜೋಡಿಸುವ ಎಚ್‌ಡಿಎಂಐ ಪೋರ್ಟ್‌ಗಳು ಎರಡಿದ್ದವು. 2006ರ ನವೆಂಬರ್‌ನಲ್ಲಿ ಮಾರಾಟಕ್ಕೆ ಬಂದ ಯಂತ್ರದಲ್ಲಿ ಇದ್ದದ್ದು ಒಂದೇ.