ಮನಸ್ಸು ಬರಲಿ ಅಂತ ಕಾಯಬೇಡಿ, ವಿಡಿಯೋನೂ ಕಳಿಸಬೇಡಿ

ಖಿನ್ನತೆಯಲ್ಲಿ ಇರುವವರಿಗೆ ದಯವಿಟ್ಟು ಮೋಟಿವೇಷನ್ ವಿಡಿಯೋ ಕಳಿಸಬೇಡಿ. ಒಳ್ಳೆ ಮನಸ್ಸಿಂದಲೇ ಕಳಿಸುತ್ತೀರಿ, ಗೊತ್ತು. ನನಗೆ ಕಳಿಸಿದವರೆಲ್ಲ ನನ್ನ ಒಳ್ಳೆಯದನ್ನೇ ಬಯಸಿದವರು. ನಮ್ಮ ಮೈದುನ ದಿನಾ ಬೆಳಿಗ್ಗೆ ತಪ್ಪದೇ ಒಂದು ಕಳಿಸುತ್ತಿದ್ದ. ಕೋಟು ಹಾಕಿಕೊಂಡ ಒಬ್ಬರು ವೇದಿಕೆ ಮೇಲೆ ಅತ್ತಿಂದಿತ್ತ ಓಡಾಡುತ್ತಾ, ನಾಲ್ಕು ಗಂಟೆಗೆ ಎದ್ದೇಳಿ, ಊರು ಮಲಗಿದ್ದಾಗ ನೀವು ಗೆಲ್ಲಿ ಅಂತ ಕೂಗುತ್ತಿದ್ದರು. ನಾನು ಆಗ ನಾಲ್ಕಕ್ಕಲ್ಲ, ಮೂರಕ್ಕೇ ಎದ್ದಿರುತ್ತಿದ್ದೆ. ಗೆಲ್ಲೋಕಲ್ಲ. ನಿದ್ದೆ ಒಡೆದು, ತಿರುಗೋ ಫ್ಯಾನ್ ನೋಡುತ್ತಾ ಬಿದ್ದಿರೋಕೆ.

ಖಿನ್ನತೆಯಲ್ಲಿ ಇದು ತುಂಬ ಜನರಿಗೆ ಆಗುತ್ತದಂತೆ. ಹೊತ್ತಿಗೆ ಮುಂಚೆ ಎಚ್ಚರ ಆಗೋದು, ಬೆಳಗಿನ ಹೊತ್ತೇ ಎದೆ ಭಾರ ಜಾಸ್ತಿ ಇರೋದು, ಸಂಜೆಯಾಗುತ್ತಾ ಸ್ವಲ್ಪ ಹಗುರ ಆಗೋದು. ಅಂಥವರಿಗೆ ಬೆಳಗಿನ ಜಾವವೇ ಅಮೃತ ಗಳಿಗೆ ಅಂತ ಹೇಳಿದರೆ, ಅವರ ದಿನದ ಅತಿ ಕೆಟ್ಟ ಗಂಟೆಯಲ್ಲೇ ಪರೀಕ್ಷೆ ಇಟ್ಟಂತಾಯಿತು. ಅಂಥ ಮಾತು ಕೇಳಿ ಹುರುಪು ಬರುವುದು ಆಗಲೇ ಅರ್ಧ ಎದ್ದು ನಿಂತವರಿಗೆ. ಬಿದ್ದವರಿಗೆ ಅದು ಬೈಗುಳದ ಥರವೇ ಕೇಳಿಸುತ್ತದೆ. ಇಷ್ಟು ಸುಲಭ ಅಂತಿದ್ದಾರೆ, ನನ್ನ ಕೈಲಿ ಇದೂ ಆಗ್ತಿಲ್ಲವಲ್ಲ ಅಂತ ಇನ್ನಷ್ಟು ಕುಗ್ಗುತ್ತೀವಿ.

ನಾನು ಬಳ್ಳಾರಿಯಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹೋದ ವರ್ಷ ಬೇಸಿಗೆ ಶುರುವಾಗೋ ಹೊತ್ತಿಗೆ ರಜೆ ಹಾಕಿ ಮನೆ ಸೇರಿದೆ. ಅಳು ಬರುತ್ತಿರಲಿಲ್ಲ. ಇಂಥದ್ದಕ್ಕೇ ದುಃಖ ಅಂತ ಹೇಳೋಕೂ ಏನೂ ಇರಲಿಲ್ಲ. ಯಾವುದೂ ಬೇಡ ಅನ್ನಿಸುತ್ತಿತ್ತು, ಅಷ್ಟೇ. ತಿದ್ದಬೇಕಾದ ಪೇಪರ್ ಬಂಡಲ್ ಮಂಚದ ಕೆಳಗೆ. ಪಾತ್ರೆ ಸಿಂಕಿನಲ್ಲಿ. ತಲೆ ಬಾಚಿಕೊಳ್ಳೋದು ಕೂಡ ಒಂದೇ ಕೆಲಸವಾಗಿ ಕಾಣುತ್ತಿರಲಿಲ್ಲ. ಬಾಚಣಿಗೆ ಹುಡುಕಬೇಕು, ಸಿಕ್ಕು ಬಿಡಿಸಬೇಕು, ಜಡೆ ಹಾಕಬೇಕು, ಉದುರಿದ ಕೂದಲು ಎತ್ತಿ ಹಾಕಬೇಕು. ಇಷ್ಟನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಿ ಸುಸ್ತಾಗಿ, ಬಾಚದೇ ಮಲಗುತ್ತಿದ್ದೆ.

"ಏನಾಗೈತವ್ವ ನಿನಗೆ? ಉಣ್ಣಾಕೈತೆ, ಉಡಾಕೈತೆ, ಗಂಡ ಕುಡಿಯಂಗಿಲ್ಲ," ಅಂತ ಅತ್ತೆ ಕೇಳಿದರು. ಅವರ ಪ್ರಕಾರ ಹೆಂಗಸಿಗೆ ಕಷ್ಟ ಬರೋ ದಾರಿ ಅವು ಮೂರೇ. ಪಕ್ಕದ ಮನೆಯವರು, "ಒಂದು ಬಾಟ್ಲಿ ಹಾಕಿಸ್ಕೊಂಡು ಬಾ, ಸುಸ್ತೆಲ್ಲಾ ಇಳೀತೈತೆ" ಅಂದರು. ನಮ್ಮ ಕಡೆ ಇದು ದೊಡ್ಡ ಮದ್ದು. ಕೈಕಾಲಲ್ಲಿ ಬಲ ಇಲ್ಲ ಅಂದರೆ ಗ್ಲೂಕೋಸ್ ಬಾಟ್ಲಿ, ನಿದ್ದೆ ಇಲ್ಲ ಅಂದರೂ ಬಾಟ್ಲಿ. ಹಾಕಿಸಿಕೊಂಡೆ ಕೂಡ. ಸಂಬಂಧಿಕರೊಬ್ಬರು "ಕಾಯಕವೇ ಕೈಲಾಸ" ಅಂತ ಬರೆದ ಬೋರ್ಡ್ ತಂದು ನನ್ನ ಮಂಚದ ಎದುರು ಗೋಡೆಗೇ ತೂಗು ಹಾಕಿಸಿದರು. ಮಾತು ದೊಡ್ಡದು, ಒಪ್ಪುತ್ತೇನೆ. ಆದರೆ ದಿನವಿಡೀ ಮಲಗಿದವಳ ಕಣ್ಣೆದುರು ಅದನ್ನು ತೂಗು ಹಾಕೋದು ಬೇರೆ ವಿಷಯ ಅಲ್ವಾ?

ಕೊನೆಗೆ ನಮ್ಮ ಮನೆಯವರು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಕಡಿಮೆ ಇದ್ದರೂ, ರಕ್ತ ಕಡಿಮೆ ಇದ್ದರೂ, ಬಿ12 ಕಡಿಮೆ ಇದ್ದರೂ ಹೀಗೇ ಸುಸ್ತು, ಹೀಗೇ ಬೇಸರ ಬರಬಹುದು. ನನಗೆ ಅದೆಲ್ಲ ಸರಿಯಾಗಿಯೇ ಇತ್ತು. ಆಮೇಲೆ ಖಿನ್ನತೆಯ ಮಾತ್ರೆ ಶುರುವಾಯಿತು. ಈ ಮಾತ್ರೆಗಳ ಬಗ್ಗೆ ನಮ್ಮಲ್ಲಿ ಸುಮ್ನೆ ಇಲ್ಲದ ಭಯ ಇದೆ. ಇವು ಚಟ ಹಿಡಿಸೋ ಮಾತ್ರೆಗಳಲ್ಲ. ತಲೆನೋವಿನ ಮಾತ್ರೆ ಥರ ಅರ್ಧ ಗಂಟೆಯಲ್ಲಿ ಗುಣ ತೋರಿಸೋದೂ ಇಲ್ಲ. ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಆರು ವಾರವೂ ಆಗುತ್ತದೆ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು. ಹುಷಾರಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು. ನಾವೇ ಒಂದು ದಿನ ದಿಢೀರಂತ ನಿಲ್ಲಿಸಬಾರದು, ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು.

ನಾನು ಹೇಳೋಕೆ ಹೊರಟಿದ್ದು ಮಾತ್ರ ಅಲ್ಲಿದ್ದ ಕೌನ್ಸೆಲರ್ ಹೇಳಿದ ಮಾತನ್ನು. ನಾನು ಅವರಿಗೆ, "ಮನಸ್ಸು ಬಂದರೆ ಎಲ್ಲಾ ಮಾಡ್ತೀನಿ ಮೇಡಂ, ಮನಸ್ಸೇ ಬರ್ತಿಲ್ಲ" ಅಂದೆ. ಅವರು, "ಆ ಮನಸ್ಸಿಗೇ ಅಲ್ವಾ ಈಗ ಹುಷಾರಿಲ್ಲದಿರೋದು? ಅದು ಎದ್ದು ಬರಲಿ ಅಂತ ಕಾಯ್ತಾ ಕೂತರೆ ಹೇಗೆ? ಮೊದಲು ಕೈ ಮಾಡಲಿ. ಮನಸ್ಸು ಹಿಂದಿನಿಂದ ಬರ್ತದೆ. ಬರದಿದ್ದರೂ ಮಾಡಿದ್ದು ಮಾಡಿದಂಗೇ ಇರ್ತದೆ" ಅಂದರು.

ಗಣಿತದವಳಿಗೆ ಇದು ಉಲ್ಟಾ ಲೆಕ್ಕ ಅನ್ನಿಸಿತು. ಮೊದಲು ಉತ್ಸಾಹ, ಆಮೇಲೆ ಕೆಲಸ ಅಂತಲೇ ನಾವೆಲ್ಲ ನಂಬಿರೋದು. ಆಮೇಲೆ ಓದಿದೆ. ಇದಕ್ಕೆ ಬಿಹೇವಿಯರಲ್ ಆಕ್ಟಿವೇಷನ್, ಅಂದರೆ ಚಟುವಟಿಕೆ ಹೆಚ್ಚಿಸೋ ಚಿಕಿತ್ಸೆ ಅಂತ ಹೆಸರಿದೆ. 1970ರ ದಶಕದಲ್ಲಿ ಅಮೆರಿಕದ ಪೀಟರ್ ಲೆವಿನ್‌ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ಸುತ್ತು ಗುರುತಿಸಿದರು. ಬೇಸರ ಬಂದಾಗ ಮನುಷ್ಯ ಕೆಲಸ ಬಿಡುತ್ತಾನೆ, ಜನರನ್ನು ಬಿಡುತ್ತಾನೆ. ಬಿಟ್ಟಷ್ಟೂ ದಿನದಲ್ಲಿ ಖುಷಿ ಕೊಡೋ ಸಂಗತಿ ಕಡಿಮೆಯಾಗುತ್ತದೆ. ಕಡಿಮೆಯಾದಷ್ಟೂ ಬೇಸರ ಬೆಳೆಯುತ್ತದೆ. 1996ರಲ್ಲಿ ಅಲ್ಲಿನದೇ ಮನಶ್ಶಾಸ್ತ್ರಜ್ಞ ನೀಲ್ ಜೇಕಬ್‌ಸನ್ ಮತ್ತು ಜೊತೆಗಾರರು ಖಿನ್ನತೆಯ ಮಾತಿನ ಚಿಕಿತ್ಸೆಯನ್ನು ಭಾಗ ಭಾಗ ಮಾಡಿ ನೋಡಿದರು. ಯೋಚನೆ ತಿದ್ದೋ ಭಾಗ ಬಿಟ್ಟು ಬರೀ ಚಟುವಟಿಕೆ ಹೆಚ್ಚಿಸೋ ಭಾಗ ಕೊಟ್ಟರೂ ಪೂರ್ತಿ ಚಿಕಿತ್ಸೆ ಕೊಟ್ಟಷ್ಟೇ ಗುಣ ಕಂಡಿತು.

ಅಮೆರಿಕದ್ದು ಬಿಡಿ ಅನ್ನುವವರಿಗೆ ಗೋವಾ ಇದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ ಇದೇ ದಾರಿಯಲ್ಲಿ ಒಂದು ಪ್ರಯೋಗ ಮಾಡಿತು. ಅದು 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೂತು ಮಾತಾಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ ಅಷ್ಟೇ. ಮಾಮೂಲಿ ಉಪಚಾರ ಮಾತ್ರ ಸಿಕ್ಕ ರೋಗಿಗಳಿಗಿಂತ, ಈ ಭೇಟಿಗಳೂ ಸಿಕ್ಕ ರೋಗಿಗಳಲ್ಲಿ ಜಾಸ್ತಿ ಜನ ಚೇತರಿಸಿಕೊಂಡರು.

ನನಗೆ ಇದೆಲ್ಲ ನಿಜ ಅನ್ನಿಸಿದ್ದು ಓದಿದ್ದರಿಂದಲ್ಲ, ಜೀನ್ಸ್ ಪ್ಯಾಂಟಿನಿಂದ.

ಬಳ್ಳಾರಿಯ ಜೀನ್ಸ್ ಗೊತ್ತಲ್ಲ. ಕಟಿಂಗ್ ಒಂದು ಕಡೆ, ಹೊಲಿಗೆ ಒಂದು ಕಡೆ, ವಾಷಿಂಗ್ ಇನ್ನೊಂದು ಕಡೆ. ಇದರ ನಡುವೆ ಮನೆಮನೆಯಲ್ಲಿ ಹೆಂಗಸರು ಮಾಡೋ ಒಂದು ಕೆಲಸ ಇದೆ, ದಾರ ಕತ್ತರಿಸೋದು. ಹೊಲಿದ ಪ್ಯಾಂಟಿನಲ್ಲಿ ಎಲ್ಲೆಲ್ಲೋ ದಾರದ ತುದಿ ನೇತಾಡುತ್ತಿರುತ್ತದೆ. ಬೆಲ್ಟ್ ಲೂಪಿನ ಕೆಳಗೆ, ಜೇಬಿನ ಮೂಲೆಯಲ್ಲಿ, ಕಾಲಿನ ಮಡಿಕೆಯಲ್ಲಿ. ತಿರುಗಿಸಿ ಹುಡುಕಿ ಕತ್ತರಿಸಬೇಕು. ಪೀಸಿಗಿಷ್ಟು ಅಂತ ಪುಡಿಗಾಸು ಕೊಡುತ್ತಾರೆ. ನಮ್ಮ ಎದುರು ಮನೆ ಅಕ್ಕ ಬಂಡಲ್ ತಂದು ಜಗಲಿ ಮೇಲೆ ಕೂತು ಮಾಡುತ್ತಾರೆ. ಒಂದು ಸಂಜೆ ಕರೆಂಟ್ ಹೋಗಿ, ಒಳಗೆ ಕೂರೋಕಾಗದೆ ಹೊರಗೆ ಬಂದಿದ್ದೆ. ಅಕ್ಕ ತಲೆ ಎತ್ತದೇ ಕೂಗಿದರು.

"ಟೀಚರ್ರೇ, ಬರ್ರಿ ಇಲ್ಲಿ. ಈ ನಾಕು ಪೀಸ್ ದಾರ ಕತ್ತರಿಸ್ರಿ. ಗಾಡಿ ಬರೋ ಹೊತ್ತಾತು."

ಹೇಗಿದ್ದೀರಿ ಅಂತ ಕೇಳಲಿಲ್ಲ. ಧೈರ್ಯ ಹೇಳಲಿಲ್ಲ. ನನ್ನನ್ನು ಗುಣ ಮಾಡೋ ಯೋಚನೆಯೂ ಅವರಿಗಿರಲಿಲ್ಲ. ಗಾಡಿ ಬರೋದಿತ್ತು, ಕೈ ಕಡಿಮೆ ಬಿದ್ದಿತ್ತು. ನಾನು ಹೋಗಿ ಕೂತೆ. ಬೆರಳಿಗೆ ಸಿಕ್ಕಿಸಿಕೊಳ್ಳೋ ಪುಟ್ಟ ಕತ್ತರಿ ಕೊಟ್ಟರು. ಮೊದಲ ಪ್ಯಾಂಟಿಗೆ ತುಂಬ ಹೊತ್ತು ಹಿಡಿಯಿತು. ಅಕ್ಕ ಅದನ್ನು ತಿರುಗಿಸಿ ನೋಡಿ, ಜಿಪ್ ಹತ್ತಿರ ಉಳಿದಿದ್ದ ಒಂದು ಎಳೆ ತೋರಿಸಿದರು. ಬೆರಳ ತುದಿ ನೀಲಿಯಾಯಿತು. ಎಡಗಡೆ ಇದ್ದ ಪ್ಯಾಂಟು ಬಲಗಡೆಗೆ ಬಂತು. ಆಮೇಲೆ ಇನ್ನೊಂದು.

ಖುಷಿಯಾಯಿತಾ ಅಂತ ಕೇಳಿದರೆ, ಇಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಖುಷಿಯಾಗಲಿಲ್ಲ ಅಂತಲೇ ತುಂಬ ಜನ ಎರಡನೇ ದಿನ ಬಿಟ್ಟುಬಿಡುತ್ತಾರೆ. ಕೌನ್ಸೆಲರ್ ನನಗೆ ಎರಡು ಅಂಕ ಬರೆದುಕೊಳ್ಳೋಕೆ ಹೇಳಿದ್ದರು. ಮಾಡಿದ್ದರಲ್ಲಿ ಖುಷಿ ಹತ್ತಕ್ಕೆ ಎಷ್ಟು, ಒಂದು ಕೆಲಸ ಮುಗಿಸಿದೆ ಅನ್ನೋ ಸಮಾಧಾನ ಹತ್ತಕ್ಕೆ ಎಷ್ಟು. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನಲ್ಲೇ ಬರೆದೆ. ಖುಷಿ 1, ಸಮಾಧಾನ 4. ಬಹಳ ದಿನ ಖುಷಿಯ ಅಂಕ ಮೇಲೇಳಲಿಲ್ಲ. ಸಮಾಧಾನದ ಅಂಕ ಮಾತ್ರ ಹತ್ತುತ್ತಾ ಇಳಿಯುತ್ತಾ ಇತ್ತು. ಖುಷಿ ಆಮೇಲೆ ಬಂತು. ಬಂದ ದಿನ ಗೊತ್ತೂ ಆಗಲಿಲ್ಲ. ಮಂಡಕ್ಕಿ ಒಗ್ಗರಣೆ ಜೊತೆ ಇನ್ನೊಂದು ಮಿರ್ಚಿ ಬಜ್ಜಿ ಹಾಕಿಸಿಕೊಳ್ಳುವಾಗ, ಅರೆ, ನನಗೆ ರುಚಿ ಗೊತ್ತಾಗ್ತಿದೆಯಲ್ಲ ಅನ್ನಿಸಿತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಖಿನ್ನತೆಯಲ್ಲಿ ಇರುವವರಿಗೆ ಬೇಕಿರೋದು ಹುರುಪಿನ ಮಾತಲ್ಲ, ಕೈಗೆ ಸಿಗೋ ಅಳತೆಯ ಒಂದು ಕೆಲಸ. "ಅಡುಗೆ ಮಾಡು" ಅನ್ನೋದು ದೊಡ್ಡದು. "ಎರಡು ಲೋಟ ಅಕ್ಕಿ ತೊಳೆದು ಕುಕ್ಕರಿಗೆ ಹಾಕು, ಉಳಿದಿದ್ದು ನಾನು ನೋಡ್ಕೋತೀನಿ" ಅನ್ನೋದು ಸರಿಯಾದ ಅಳತೆ. "ವಾಕಿಂಗ್ ಹೋಗು" ಅಂದರೆ ನಾನು ಹೋಗುತ್ತಿರಲಿಲ್ಲ. ನಮ್ಮ ಮನೆಯವರು ಸ್ಕೂಟರ್ ಚಾಲೂ ಮಾಡಿ, "ಮಿರ್ಚಿ ತರೋಕೆ ಹೊರಟೆ, ಚಪ್ಪಲಿ ಹಾಕ್ಕೋ" ಅಂದಾಗ ಹೋದೆ. ಮೂಡ್ ನೋಡಿಕೊಂಡು ಅಲ್ಲ, ಗಡಿಯಾರ ನೋಡಿಕೊಂಡು ಮಾಡಬೇಕು. ನನ್ನ ಗಂಟೆ ಸಂಜೆ ಐದು. ನಿಮ್ಮದು ಬೇರೆ ಇರಬಹುದು. ಜೊತೆಗೆ ಒಬ್ಬರು ಇದ್ದರೆ ಅರ್ಧ ಭಾರ ಇಳಿಯುತ್ತದೆ. ಆಗದ ದಿನ ಅರ್ಧ ಮಾಡಿ. ಅದೂ ಆಗದಿದ್ದರೆ ಜಗಲಿಗೆ ಬಂದು ಕೂತು ಒಳಗೆ ಹೋಗಿ.

ಇದನ್ನು ಓದಿ ಯಾರಾದರೂ, "ನೋಡು, ಎದ್ದು ಕೆಲಸ ಮಾಡಿದರೆ ಎಲ್ಲಾ ಸರಿಹೋಗುತ್ತೆ" ಅಂತ ತಮ್ಮ ಮನೆಯವರಿಗೆ ತೋರಿಸಿದರೆ ನನಗೆ ಕೋಪ ಬರುತ್ತದೆ. ಮಾತ್ರೆ ಇಲ್ಲದೇ ಇದ್ದಿದ್ದರೆ ನಾನು ಆ ಜಗಲಿವರೆಗೂ ಬರುತ್ತಿದ್ದೆ ಅನ್ನೋ ನಂಬಿಕೆ ನನಗಿಲ್ಲ. ಎಲ್ಲರಿಗೂ ಮಾತ್ರೆ ಬೇಕಾಗೋದಿಲ್ಲ, ಕೆಲವರಿಗೆ ಬೇಕೇ ಬೇಕು. ಅದನ್ನು ಡಾಕ್ಟರು ಹೇಳಲಿ, ಅತ್ತೆಯಲ್ಲ, ಯೂಟ್ಯೂಬ್ ಅಲ್ಲ. ಇನ್ನು ಸಾಯಬೇಕು ಅನ್ನೋ ಯೋಚನೆ ಬರುತ್ತಿದ್ದರೆ ಈ ದಾರ, ಅಕ್ಕಿ, ಕ್ಯಾಲೆಂಡರ್ ಎಲ್ಲಾ ಪಕ್ಕಕ್ಕಿಡಿ. ತಕ್ಷಣ ಒಬ್ಬರಿಗೆ ಹೇಳಿ. ಮನೆಯವರು ಅವರನ್ನು ಒಬ್ಬರೇ ಬಿಡಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಮ್ಮೂರಲ್ಲಿ ಮನಸ್ಸಿನ ಕಾಯಿಲೆಯನ್ನು ಮುಚ್ಚಿಡೋದು ನೋಡಿದರೆ ನಗು ಬರುತ್ತದೆ. ನಾನೂ ಮೊದಲ ಸಲ ಮನೋವೈದ್ಯರ ಹತ್ತಿರ ಮುಖಕ್ಕೆ ದುಪಟ್ಟಾ ಸುತ್ತಿಕೊಂಡೇ ಹೋಗಿದ್ದು. ಅಲ್ಲಿ ನಮ್ಮ ಶಾಲೆಯ ಒಬ್ಬ ಹುಡುಗನ ಅಪ್ಪ ಕೂತಿದ್ದರು. ಇಬ್ಬರೂ ಗೋಡೆ ಮೇಲಿನ ಪೋಲಿಯೋ ಪೋಸ್ಟರನ್ನು ಬಹಳ ಹೊತ್ತು ಓದಿದೆವು. ಯಾಕೆ ನಗು ಅಂದರೆ, ಮನಸ್ಸಿನ ಕಾಯಿಲೆಗೆ ಇಡೀ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳಲ್ಲೇ ಮದ್ದು ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದು ಇದೇ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆ ಆರಿಸಿಕೊಂಡರು. ಆಗ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲಾ ನಮಗೇ ಸೇರಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅಲ್ಲೇ ಮಾತ್ರೆ ಸಿಗೋ ಹಾಗೆ ಮಾಡಿದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಈ "ಬಳ್ಳಾರಿ ಮಾದರಿ" ನೋಡಿಯೇ. ಅಂಥ ಊರಿನವರು ನಾವು, ಯಾರಾದರೂ ನೋಡಿಬಿಟ್ಟಾರು ಅಂತ ಡಾಕ್ಟರಿಗೆ ತೋರಿಸೋಕೆ ಆಂಧ್ರದ ಅನಂತಪುರಕ್ಕೆ ಬಸ್ ಹತ್ತುತ್ತೀವಿ.

ನಿಮ್ಹಾನ್ಸ್‌ನ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 20 ವಯಸ್ಕರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ನಮ್ಮ ಸ್ಟಾಫ್ ರೂಮಿನ ಲೆಕ್ಕ ಹಾಕಿದರೆ ನಾನೊಬ್ಬಳೇ ಇರಲಿಕ್ಕಿಲ್ಲ.

ಮನೆಯಲ್ಲಿ ಅಂಥವರಿದ್ದರೆ "ಏನಾದ್ರೂ ಬೇಕಾದ್ರೆ ಹೇಳು" ಅಂತ ಹೇಳಿ ಕೈ ತೊಳೆದುಕೊಳ್ಳಬೇಡಿ. ಏನು ಬೇಕು ಅಂತ ಯೋಚಿಸೋದೇ ಅವರಿಗೆ ಈಗ ಆಗದ ಕೆಲಸ. ಆಸ್ಪತ್ರೆಗೆ ಹೋಗು ಅಂತಲೂ ಹೇಳಬೇಡಿ, ಕರೆದುಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಅನ್ನೋ ರಾಜ್ಯ ಸರ್ಕಾರದ ಕಾರ್ಯಕ್ರಮ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಬರುತ್ತಾರೆ ಅಂತ ನೀವೇ ವಿಚಾರಿಸಿ. ಆ ದಿನ ಅವರನ್ನು ನೆರಳಲ್ಲಿ ಕೂರಿಸಿ, ಸಾಲಿನಲ್ಲಿ ನೀವು ನಿಂತು ಚೀಟಿ ಮಾಡಿಸಿ.